ತಪಸ್ಸು ಕಾಲದ ನಡುವೆ ಒಂದು ಸಂತೋಷದ ಭಾನುವಾರ ಯಾಕೆ?

ಪಾಸ್ಕ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ಆಚರಿಸುವ ತಪಸ್ಸು ಕಾಲದ ಉಪವಾಸ, ಪಶ್ಚಾತ್ತಾಪದ ನಡುವೆ ಸಂತೋಷಪಡುವುದು ಸರಿಯೇ ಎಂದು ಕೇಳಿದ್ದೀರಿ. ಸರಿಯೇ, ಪೂಜಾವಿಧಿಯೇ ಅದಕ್ಕೆ ಜಾಗ ಮಾಡಿಕೊಟ್ಟಿದೆ. ತಪಸ್ಸು ಕಾಲದ ನಾಲ್ಕನೇ ಭಾನುವಾರಕ್ಕೆ ಲೆತಾರೆ ಭಾನುವಾರ ಎಂದು ಹೆಸರು. ಲತೀನ್‌ನಲ್ಲಿ 'ಲೆತಾರೆ' ಎಂದರೆ 'ಹರ್ಷಿಸು'. ಯೆಶಾಯನ ಗ್ರಂಥದ 66ನೇ ಅಧ್ಯಾಯದಲ್ಲಿ ಜೆರುಸಲೇಮಿಗಾಗಿ ಸಂಭ್ರಮಿಸಿ ಎನ್ನುವ ಕರೆಯಿಂದ ಬಂದದ್ದು.

ಆ ದಿನ ಗುರುಗಳು ಈ ಕಾಲದ ನೇರಳೆ ಬದಲು ಗುಲಾಬಿ ಬಣ್ಣದ ಉಡುಪು ಧರಿಸಬಹುದು. ಅಷ್ಟು ದಿನ ಬರಿದಾಗಿದ್ದ ಬಲಿಪೀಠಕ್ಕೆ ಹೂವು ಬರಬಹುದು. 'ಅಲ್ಲೆಲೂಯ' ಎಂಬ ಸ್ತುತಿಘೋಷ ಮಾತ್ರ ಪಾಸ್ಕ ಜಾಗರಣೆಯವರೆಗೂ, ಅಂದರೆ ಹಬ್ಬದ ಹಿಂದಿನ ರಾತ್ರಿಯ ಪೂಜೆಯವರೆಗೂ, ಕಾಯಬೇಕು. ನನಗೆ ಬಹಳ ಇಷ್ಟವಾಗುವುದು ಇದೇ: ಹಬ್ಬ ಇನ್ನೂ ಬಂದಿಲ್ಲ, ಅದರ ವಾಸನೆ ಮಾತ್ರ ಬಂದಿದೆ.

ಮೈಸೂರಿನಲ್ಲಿ ಆ ಹೊತ್ತಿಗೆ ಬಿಸಿಲು ಏರಿರುತ್ತದೆ. ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳ ಕೆಳಗಿನ ಕಲ್ಲೂ ಕಾದಿರುತ್ತದೆ. ಅಮ್ಮ ಹಿಂದಿನ ಸಂಜೆಯೇ ದೇವರಾಜ ಮಾರುಕಟ್ಟೆಯಿಂದ ಒಂದು ಮೊಳ ಮಲ್ಲಿಗೆ ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬೆಳಿಗ್ಗೆ ಮನೆಯ ಶಿಲುಬೆಗೆ ಹಾಕುತ್ತಾರೆ. ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರದಿಂದ ಅಲ್ಲಿ ಹೂವೇ ಇರುವುದಿಲ್ಲವಾದ್ದರಿಂದ ಆ ಒಂದು ಮೊಳ ಇಡೀ ಕೋಣೆ ತುಂಬುತ್ತದೆ.

ಇನ್ನೊಂದು ಲೆಕ್ಕ: ಬೂದಿ ಬುಧವಾರದಿಂದ ಪಾಸ್ಕದ ಹಿಂದಿನ ದಿನದವರೆಗೆ 46 ದಿನ. ಉಪವಾಸದ 40 ದಿನಗಳ ಎಣಿಕೆಯಲ್ಲಿ ಭಾನುವಾರಗಳನ್ನು ಸೇರಿಸುವುದಿಲ್ಲ, ಅವು ಪುನರುತ್ಥಾನದ ದಿನಗಳು. ಹಾಗಾಗಿ ಆ ದಿನ ಮನಸ್ಸು ಹಗುರಾದರೆ ವ್ರತ ಕೆಟ್ಟಿತೆಂದು ಅಳುಕಬೇಡಿ. ಯಾರನ್ನಾದರೂ ಊಟಕ್ಕೆ ಕರೆಯಿರಿ.