ಚಂಡಮಾರುತಕ್ಕೆ ಆರನೇ ದರ್ಜೆ ಬೇಕಾ?

ಪ್ರಶ್ನೆ: ಅಮೆರಿಕದವರು ಚಂಡಮಾರುತದ ಬಲಕ್ಕೆ 1ರಿಂದ 5ರವರೆಗೆ ದರ್ಜೆ ಕೊಡುತ್ತಾರೆ. ಈಗ ಕೆಲವರು 6 ಕೂಡ ಬೇಕು ಅಂತಾರೆ. ಬೇಕಾ ಮೇಡಂ?
– ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ನನ್ನ ಮಟ್ಟಿಗೆ ಬೇಡ. ಅವರ ವಾದದಲ್ಲಿ ಹುರುಳಿದೆ, ಒಪ್ಪುತ್ತೇನೆ. ಗಾಳಿ ಗಂಟೆಗೆ 252 ಕಿ.ಮೀ. ಮುಟ್ಟಿದರೆ 5ನೇ ದರ್ಜೆ, ಅದರ ಮೇಲೆ ಮಿತಿಯೇ ಇಲ್ಲ. 2015ರ ಪೆಟ್ರೀಷಿಯಾ ಚಂಡಮಾರುತದ ಗಾಳಿ 345 ಕಿ.ಮೀ. ಮುಟ್ಟಿತ್ತು. ಅದಕ್ಕೇ 2024ರಲ್ಲಿ ವೇನರ್, ಕಾಸಿನ್ ಎಂಬ ವಿಜ್ಞಾನಿಗಳು ಸುಮಾರು 309 ಕಿ.ಮೀ. ದಾಟಿದರೆ 6 ಅನ್ನಬಹುದು ಅಂದರು.

ಆದರೆ ಸಫಿರ್–ಸಿಂಪ್ಸನ್ ಅನ್ನುವ ಈ 1ರಿಂದ 5ರ ಅಳತೆ ನೋಡುವುದು ಗಾಳಿಯನ್ನು ಮಾತ್ರ. ಜನ ಜಾಸ್ತಿ ಸಾಯುವುದು ನೀರಿನಿಂದ. 2005ರಲ್ಲಿ ಕತ್ರೀನಾ ಚಂಡಮಾರುತ ಅಮೆರಿಕದ ಲೂಸಿಯಾನಾ ರಾಜ್ಯದ ದಡ ಮುಟ್ಟಿದಾಗ ಬರೀ 3ನೇ ದರ್ಜೆ. ಸಮುದ್ರ ಉಕ್ಕಿತು, ಅಲ್ಲಿನ ನ್ಯೂ ಆರ್ಲಿಯನ್ಸ್ ನಗರದ ಒಡ್ಡುಗಳು ಒಡೆದವು. ಸತ್ತವರು ಸಾವಿರಕ್ಕೂ ಹೆಚ್ಚು. 6 ಬಂದರೆ ಆ 3 ಇನ್ನೂ ಸಣ್ಣದಾಗಿ ಕಾಣುತ್ತದೆ ಅಲ್ವಾ? ಅದೇ ನನ್ನ ಭಯ.

ನಮ್ಮ ಕೋಲಾರವನ್ನೇ ನೋಡಿ. ಬಂಗಾಳ ಕೊಲ್ಲಿಯ ಚಂಡಮಾರುತ ಇಲ್ಲಿಗೆ ಬರುವ ಹೊತ್ತಿಗೆ ಗಾಳಿಯ ಜೋರು ಇಳಿದಿರುತ್ತದೆ. ಹಾಳು ಮಾಡುವುದು ಬಿಡದೆ ಹಿಡಿಯುವ ಮಳೆ. ನಮ್ಮ ಹೊಲದಲ್ಲಿ ಕೊಯ್ದು ಹಾಕಿದ ರಾಗಿ ತೆನೆಯಲ್ಲೇ ಮೊಳಕೆ ಒಡೆದಿತ್ತು, ಮುಟ್ಟಿದರೆ ಬಿಳಿ ಬೇರು ಬೆರಳಿಗೆ ಅಂಟುತ್ತಿತ್ತು. ನೀವು ಹವಾಮಾನ ಇಲಾಖೆಯ ಜಿಲ್ಲಾವಾರು ಮಳೆ ಮುನ್ಸೂಚನೆ ನೋಡಿ. ಆರೆಂಜ್ ಅಲರ್ಟ್ ಇದ್ದರೆ ಕೊಯ್ಲು ತಡೆಯಿರಿ. ಕೊಯ್ದಿದ್ದರೆ ಮಳೆಗೆ ಮುಂಚೆಯೇ ಮೆದೆ ಹಾಕಿ ಟಾರ್ಪಾಲ್ ಹೊದಿಸಿ.