ಸ್ವಾರೆಸ್ ಅಪ್ಪ ಅಂಗಡಿ ಮಾರಿದರು, ನೀವು ಸೈಟ್ ಮಾರಬೇಡಿ

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ಶಾರ್ಲೆಟ್ ಊರಿನ ಸುತ್ತಮುತ್ತ ನಾಸ್ಕಾರ್ (ಮಾಮೂಲಿ ಕಾರಿನಂತೆ ಕಾಣುವ 'ಸ್ಟಾಕ್ ಕಾರ್'ಗಳ ರೇಸ್) ತಂಡಗಳ ಶೆಡ್‌ಗಳಿವೆ. ಅಂಥ ಒಂದು ಶೆಡ್‌ನಲ್ಲಿ ಸಸ್ಪೆನ್ಷನ್ ಕೆಲಸ ಮಾಡುತ್ತಾ ನನಗೆ ಹದಿಮೂರು ವರ್ಷವಾಯಿತು. 2025ರ ಜೂನ್‌ನಲ್ಲಿ ಮೆಕ್ಸಿಕೋ ಸಿಟಿಯಲ್ಲಿ ನಾಸ್ಕಾರ್ ಕಪ್ ರೇಸ್ ನಡೆಯಿತು. ಆಮೇಲೆ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಮೆಕ್ಸಿಕೋದ ಚಾಲಕ ಡೇನಿಯಲ್ ಸ್ವಾರೆಸ್ ಬಗ್ಗೆಯೇ. ಅದರಲ್ಲೂ ಒಂದು ಪ್ರಶ್ನೆ ಬೇರೆ ಬೇರೆ ಊರುಗಳಿಂದ, ಹೆಚ್ಚುಕಮ್ಮಿ ಅದೇ ಮಾತುಗಳಲ್ಲಿ ಬರುತ್ತಿದೆ. ಓದಿದಾಗಲೆಲ್ಲ ಹೆದರಿಕೆ ಆಗುತ್ತದೆ. ಹಾಗಾಗಿ ಈ ಸಲ ಜಾಸ್ತಿ ಜಾಗ ಅದಕ್ಕೇ.

ಪ್ರಶ್ನೆ: ಸರ್, ನನ್ನ ಮಗನಿಗೆ ಒಂಬತ್ತು ವರ್ಷ. ಬಾಡಿಗೆ ಗೋ-ಕಾರ್ಟ್ ಓಡಿಸುವಾಗ ನನ್ನನ್ನೂ ಅವನ ಚಿಕ್ಕಪ್ಪನನ್ನೂ ಹಿಂದೆ ಹಾಕುತ್ತಾನೆ. ಸ್ವಾರೆಸ್ ಅವರ ತಂದೆ ಮಗನ ರೇಸಿಂಗ್‌ಗಾಗಿ ತಮ್ಮ ಅಂಗಡಿಯನ್ನೇ ಮಾರಿದರು ಎಂದು ಓದಿದೆ. ನಮ್ಮದೊಂದು 30x40 ಸೈಟ್ ಇದೆ. ಅದನ್ನು ಮಾರಿ ಇವನನ್ನು ಇದಕ್ಕೇ ಹಾಕೋಣ ಅಂದುಕೊಂಡಿದ್ದೇನೆ. ಮನೆಯಲ್ಲಿ ಒಪ್ಪುತ್ತಿಲ್ಲ. ನೀವೇನು ಹೇಳುತ್ತೀರಿ? (ದಾವಣಗೆರೆಯಿಂದ ಒಬ್ಬ ತಂದೆ)

ಮಾರಬೇಡಿ. ನಿಮ್ಮ ಮನೆಯವರು ಹೇಳುತ್ತಿರುವುದೇ ಸರಿ.

ಮೊದಲು ಆ ಬಾಡಿಗೆ ಕಾರ್ಟ್ ವಿಷಯ. ಅದರ ಎಂಜಿನ್ ಸಣ್ಣದು. ಮೂವತ್ತು ಕೆಜಿ ಹುಡುಗ ಕೂತರೆ ಒಂದು ಥರ ಓಡುತ್ತದೆ, ಎಂಬತ್ತು ಕೆಜಿ ಅಪ್ಪ ಕೂತರೆ ಇನ್ನೊಂದು ಥರ. ಮಗ ನಿಮ್ಮನ್ನು ಹಿಂದೆ ಹಾಕಿದ್ದು ತೂಕದ ಲೆಕ್ಕ. ನಿಜವಾದ ಕಾರ್ಟಿಂಗ್ ಸ್ಪರ್ಧೆಗಳಲ್ಲಿ ಕನಿಷ್ಠ ತೂಕ ಅಂತ ಇರುತ್ತದೆ. ಹಗುರ ಇರುವ ಮಕ್ಕಳ ಸೀಟಿಗೆ ಸೀಸದ ತುಂಡುಗಳನ್ನು ಬೋಲ್ಟ್ ಹಾಕಿ ಬಿಗಿಯುತ್ತಾರೆ. ಆ ಸೀಸ ಹೊತ್ತುಕೊಂಡು, ತನ್ನದೇ ವಯಸ್ಸಿನ ಇಪ್ಪತ್ತು ಮಕ್ಕಳ ಮಧ್ಯೆ ಮಗ ಎಷ್ಟನೆಯವನಾಗಿ ಬರುತ್ತಾನೆ? ಅದನ್ನು ನೋಡದೆ ಸೈಟಿನ ಮಾತೇ ಎತ್ತಬಾರದು.

ಇನ್ನು ಸ್ವಾರೆಸ್ ಕಥೆ. ನೀವು ಓದಿದ್ದು ಸುಳ್ಳಲ್ಲ. ಅವರು ಹುಟ್ಟಿದ್ದು 1992ರಲ್ಲಿ, ಮೆಕ್ಸಿಕೋದ ಮಾಂಟೆರೇ ನಗರದಲ್ಲಿ. ತಂದೆ ಅಲೆಹಾಂಡ್ರೋ ಹಳೇ ಕಾರುಗಳನ್ನು ರಿಪೇರಿ ಮಾಡಿ ಹೊಸದರಂತೆ ಮಾಡಿಕೊಡುವ ಅಂಗಡಿ ಇಟ್ಟಿದ್ದರು. ಮಗನ ಖರ್ಚಿಗಾಗಿ ಅದನ್ನು ಮಾರಿದರು. ಆದರೆ ಆ ಅಂಗಡಿಯ ದುಡ್ಡು ಎಲ್ಲಿಯವರೆಗೆ ಬಂದೀತು ಎಂದು ಯಾರೂ ಕೇಳುವುದಿಲ್ಲ. ಹುಡುಗ ಕಾರ್ಟ್ ಹತ್ತಿದ್ದು ಹತ್ತು ವರ್ಷದ ಆಸುಪಾಸಿನಲ್ಲಿ. ಕಪ್ ಸರಣಿಯಲ್ಲಿ, ಅಂದರೆ ನಾಸ್ಕಾರ್‌ನ ಅತಿ ಮೇಲಿನ ದರ್ಜೆಯಲ್ಲಿ, ಮೊದಲ ಸಲ ಗೆದ್ದದ್ದು ಮೂವತ್ತನೇ ವಯಸ್ಸಿನಲ್ಲಿ. ಮಧ್ಯೆ ಇಪ್ಪತ್ತು ವರ್ಷ. ಇಪ್ಪತ್ತು ವರ್ಷ ಓಡುವಷ್ಟು ದುಡ್ಡು ಯಾವ ಅಂಗಡಿಯಲ್ಲೂ ಇಲ್ಲ, ಯಾವ ಸೈಟಿನಲ್ಲೂ ಇಲ್ಲ.

ಅಪ್ಪನ ದುಡ್ಡು ಮಗನನ್ನು ಬಾಗಿಲವರೆಗೆ ಕರೆದುಕೊಂಡು ಹೋಯಿತು, ಅಷ್ಟೇ. ಬಾಗಿಲು ತೆಗೆಯುವವರು ಬೇರೆ ಇದ್ದರು. ಮೆಕ್ಸಿಕೋದಲ್ಲಿ ನಾಸ್ಕಾರ್‌ನದೇ ಒಂದು ಸರಣಿ ಇದೆ. 2010ರಲ್ಲಿ ಅದರಲ್ಲಿ ಇವರು ವರ್ಷದ ಹೊಸ ಚಾಲಕ ಅನ್ನಿಸಿಕೊಂಡರು. ಫಾರ್ಮುಲಾ ಒನ್‌ನ ಸರ್ಜಿಯೋ ಪೆರೆಸ್ ಬೆನ್ನಿಗೆ ನಿಂತಿದ್ದ ಎಸ್ಕುಡೆರಿಯಾ ಟೆಲ್ಮೆಕ್ಸ್ ಇವರ ಬೆನ್ನಿಗೂ ನಿಂತಿತು. ಅದರ ಹಿಂದೆ ಇದ್ದದ್ದು ಮೆಕ್ಸಿಕೋದ ದೊಡ್ಡ ಟೆಲಿಫೋನ್ ಕಂಪನಿ. ಭಾರತದಲ್ಲಿ ನಾಸ್ಕಾರ್ ಸರಣಿಯೇ ಇಲ್ಲ. ನಿಮ್ಮ ಮಗನಿಗೆ ಆ ಬಾಗಿಲು ಎಲ್ಲಿದೆ, ಹೇಳಿ?

ಬಾಗಿಲು ದಾಟಿದ ಮೇಲೂ ಸುಖ ಇರಲಿಲ್ಲ. ಇಪ್ಪತ್ತರ ಹುಡುಗ ಅಮೆರಿಕಕ್ಕೆ ಬಂದಾಗ ಇಂಗ್ಲಿಷ್ ಬರುತ್ತಿರಲಿಲ್ಲ. ಮಕ್ಕಳ ಕಾರ್ಟೂನ್ ನೋಡಿ ನೋಡಿ ಕಲಿತರು. ಇದನ್ನು ಎಲ್ಲರೂ ಮುದ್ದಾದ ಕಥೆಯ ಹಾಗೆ ಹೇಳುತ್ತಾರೆ. ನನಗೆ ಅದರ ಕಷ್ಟ ಗೊತ್ತು. ಕಾರು ತಿರುವಿನಲ್ಲಿ ಹೇಗಿದೆ ಎಂದು ಚಾಲಕ ರೇಡಿಯೋದಲ್ಲಿ ಹೇಳಬೇಕು. ಮುಂದಿನ ಚಕ್ರ ಜಾರುತ್ತಿದೆಯಾ, ಹಿಂದಿನದಾ, ತಿರುವಿನ ಒಳಗೆ ಹೋಗುವಾಗಲಾ, ಹೊರಗೆ ಬರುವಾಗಲಾ. ಅವರು ಹೇಳಿದ್ದನ್ನು ಕೇಳಿ ನಾವು ಸ್ಪ್ರಿಂಗ್ ಸರಿಮಾಡುತ್ತೇವೆ, ಟೈರಿನ ಗಾಳಿ ಏರಿಸುತ್ತೇವೆ, ಇಳಿಸುತ್ತೇವೆ. ಒಂದು ಪದ ತಪ್ಪಿದರೆ ನಾವು ಉಲ್ಟಾ ಕೆಲಸ ಮಾಡಿರುತ್ತೇವೆ.

2015ರಲ್ಲಿ ಜೋ ಗಿಬ್ಸ್ ತಂಡ ಎರಡನೇ ದರ್ಜೆಯ ಎಕ್ಸ್‌ಫಿನಿಟಿ ಸರಣಿಯಲ್ಲಿ ಪೂರ್ತಿ ವರ್ಷದ ಕಾರು ಕೊಟ್ಟಿತು. 2016ರಲ್ಲಿ ಮಿಷಿಗನ್‌ನಲ್ಲಿ ಮೊದಲ ಗೆಲುವು. ನವೆಂಬರ್‌ನಲ್ಲಿ ಹೋಮ್‌ಸ್ಟೆಡ್‌ನ ಕೊನೇ ರೇಸನ್ನೂ ಗೆದ್ದು ಆ ಸರಣಿಯ ಚಾಂಪಿಯನ್ ಆದರು. ಅಮೆರಿಕದ ಹೊರಗೆ ಹುಟ್ಟಿದವರೊಬ್ಬರು ನಾಸ್ಕಾರ್‌ನ ರಾಷ್ಟ್ರೀಯ ಸರಣಿಯಲ್ಲಿ ಚಾಂಪಿಯನ್ ಆದದ್ದು ಅದೇ ಮೊದಲು. 2017ರ ಜನವರಿಯಲ್ಲಿ ಅದೇ ತಂಡದ ಕಪ್ ಚಾಲಕ ಕಾರ್ಲ್ ಎಡ್ವರ್ಡ್ಸ್ ಇದ್ದಕ್ಕಿದ್ದಂತೆ ರೇಸಿಂಗ್ ಬಿಟ್ಟರು. ಅವರ 19ನೇ ನಂಬರ್ ಕಪ್ ಕಾರು ಇವರ ಪಾಲಿಗೆ ಬಂತು. ಫೆಬ್ರವರಿಯಲ್ಲಿ ವರ್ಷದ ಅತಿ ದೊಡ್ಡ ರೇಸ್, ಡೇಟೋನಾ 500. ತಯಾರಿಗೆ ಸಿಕ್ಕಿದ್ದು ಕೆಲವೇ ವಾರ.

ಕಥೆ ಇಲ್ಲಿಗೆ ಮುಗಿಯಿತು, ಹುಡುಗ ಗೆದ್ದ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮುಂದಿನದನ್ನು ಓದಿ. ಎರಡು ವರ್ಷ ಗೆಲುವಿಲ್ಲ. 2018 ಮುಗಿಯುತ್ತಿದ್ದಂತೆ ಸೀಟು ಹೋಯಿತು. 2019ರಲ್ಲಿ ಸ್ಟೀವರ್ಟ್-ಹಾಸ್ ತಂಡ, ಅಲ್ಲೂ ಒಂದೇ ವರ್ಷ. 2020ರಲ್ಲಿ ಗಾಂಟ್ ಬ್ರದರ್ಸ್ ಎಂಬ ಪುಟ್ಟ ತಂಡ. ಆ ವರ್ಷ ಡೇಟೋನಾ 500ಕ್ಕೆ ಅರ್ಹತೆಯೇ ಸಿಗಲಿಲ್ಲ. ಅರ್ಹತಾ ರೇಸಿನಲ್ಲಿ ಕಾರು ಅಪಘಾತವಾಯಿತು. ಎರಡನೇ ದರ್ಜೆಯ ಸರಣಿಯ ಮಾಜಿ ಚಾಂಪಿಯನ್ ಒಬ್ಬರು ವರ್ಷದ ಅತಿ ದೊಡ್ಡ ರೇಸನ್ನು ಹೊರಗೆ ನಿಂತು ನೋಡಬೇಕಾಯಿತು.

ಸೀಟು ಹೋಗುವುದು ಅಂದರೆ ಏನು ಎಂದು ನಾನು ಹತ್ತಿರದಿಂದ ನೋಡಿದ್ದೇನೆ. ಈ ಕಾರುಗಳಿಗೆ ತೆರೆಯುವ ಬಾಗಿಲಿಲ್ಲ, ಕಿಟಕಿಯಿಂದಲೇ ಒಳಗೆ ಇಳಿಯಬೇಕು. ಆ ಕಿಟಕಿಯ ಮೇಲೆ, ಛಾವಣಿಯ ಅಂಚಿನಲ್ಲಿ ಚಾಲಕರ ಹೆಸರು ಅಂಟಿಸಿರುತ್ತೇವೆ. ಒಳಗಿನ ಸೀಟನ್ನು ಅವರ ಮೈಗೆ ಅಳತೆ ತೆಗೆದು ಕೂರಿಸಿರುತ್ತೇವೆ. ಅವರು ತಂಡ ಬಿಟ್ಟ ಮರುದಿನ ಬೋಲ್ಟ್ ಬಿಚ್ಚಿ ಸೀಟನ್ನು ಹೊರಗೆ ತೆಗೆಯುತ್ತೇವೆ. ಹೀಟ್ ಗನ್ ಹಿಡಿದು ಹೆಸರಿನ ಸ್ಟಿಕ್ಕರನ್ನು ಬಿಸಿ ಮಾಡಿ, ಉಗುರಿನಿಂದ ಒಂದು ಮೂಲೆ ಎಬ್ಬಿಸಿ, ಮೆಲ್ಲಗೆ ಎಳೆಯುತ್ತೇವೆ. ಅಕ್ಷರದ ಆಕಾರದಲ್ಲಿ ಅಂಟು ಉಳಿಯುತ್ತದೆ. ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಬೇಕು. ಹತ್ತು ನಿಮಿಷದ ಕೆಲಸ. ನಾನೂ ಮಾಡಿದ್ದೇನೆ. ಆ ದಿನ ಶೆಡ್‌ನಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ. ಸ್ವಾರೆಸ್ ಹೆಸರು 2018, 2019, 2020, ಮೂರು ವರ್ಷದ ಕೊನೆಗೂ ಹೀಗೆ ಕಾರಿನಿಂದ ಇಳಿಯಿತು.

2021ರಲ್ಲಿ ಟ್ರ್ಯಾಕ್‌ಹೌಸ್ ಎಂಬ ಹೊಸ ತಂಡ ಅವರನ್ನು ಕರೆಯಿತು. 2022ರ ಜೂನ್ 12ರಂದು ಕ್ಯಾಲಿಫೋರ್ನಿಯಾದ ಸೊನೊಮಾದಲ್ಲಿ 99ನೇ ನಂಬರ್ ಕಾರಿನಲ್ಲಿ ಗೆದ್ದರು. ಅದು ಕಪ್ ಸರಣಿಯಲ್ಲಿ ಅವರ 195ನೇ ರೇಸ್. 194 ಸಲ ಸೋತು ಬಂದವರು! ಮೆಕ್ಸಿಕೋದಲ್ಲಿ ಹುಟ್ಟಿದವರು ಕಪ್ ರೇಸ್ ಗೆದ್ದದ್ದು ಅದೇ ಮೊದಲು. ಗೆದ್ದ ಮೇಲೆ ಟ್ಯಾಕೊ ಆಕಾರದ ಪಿನ್ಯಾಟಾ ಒಡೆದರು. ಪಿನ್ಯಾಟಾ ಅಂದರೆ ಮೆಕ್ಸಿಕೋದಲ್ಲಿ ಹುಟ್ಟುಹಬ್ಬಕ್ಕೆ ಮಕ್ಕಳು ಒಡೆಯುವ, ಮಿಠಾಯಿ ತುಂಬಿದ ಬೊಂಬೆ. ಆ ವಿಡಿಯೋ ನೋಡಿಯೇ ನೀವೆಲ್ಲ ಪತ್ರ ಬರೆಯುವುದು. 194 ರೇಸ್‌ಗಳ ವಿಡಿಯೋ ಯಾರೂ ನೋಡುವುದಿಲ್ಲ.

ಹಾಗಾದರೆ ನೀವು ಏನು ಮಾಡಬೇಕು? ಮಗನನ್ನು ಆಡಲು ಬಿಡಿ. ಕ್ರಿಕೆಟ್ ಕೋಚಿಂಗ್‌ಗೆ ಎಷ್ಟು ಕೊಡುತ್ತಿದ್ದಿರೋ ಅಷ್ಟನ್ನೇ ಇದಕ್ಕೂ ಎತ್ತಿಡಿ. ಪ್ರತಿ ರೇಸಿಗೂ ಟೈರು, ಚೈನು, ಎಂಜಿನ್ ಇಳಿಸಿ ಮತ್ತೆ ಕಟ್ಟುವ ಖರ್ಚು, ಮೆಕ್ಯಾನಿಕ್ ಕೂಲಿ, ಊರಿಂದ ಊರಿಗೆ ಲಾರಿ ಬಾಡಿಗೆ ಬರುತ್ತದೆ. ಕೊಟ್ಟಷ್ಟನ್ನೂ ನುಂಗುವ ಆಟ ಇದು. ಸಂಬಳದಿಂದ ಆಗುವಷ್ಟು ಮಾಡಿ, ಸಾಲ ಮಾಡಬೇಡಿ. ಖರ್ಚು ಮಾಡಲೇಬೇಕು ಅನ್ನಿಸಿದರೆ ಒಳ್ಳೆ ಹೆಲ್ಮೆಟ್ ಮತ್ತು ಪಕ್ಕೆಲುಬಿನ ಗಾರ್ಡ್‌ಗೆ ಮಾಡಿ. ಅಣ್ಣನ ಹೆಲ್ಮೆಟ್ ತೊಡಿಸಿ, ಸಡಿಲ ಆದರೆ ಒಳಗೆ ಟವಲ್ ಸುತ್ತಿ ಕಳಿಸುವ ಅಪ್ಪಂದಿರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಬೇರೆ ಅಲ್ಲಾಡಿದರೆ ಅದು ಹೆಲ್ಮೆಟ್ಟೇ ಅಲ್ಲ.

ರೇಸ್ ಮುಗಿದ ಮೇಲೆ ಕಾರ್ಟನ್ನು ಮಗನ ಕೈಯಲ್ಲೇ ತೊಳೆಸಿ, ಚೈನಿಗೆ ಎಣ್ಣೆ ಹಾಕಿಸಿ. ಆ ಕೆಲಸದಲ್ಲಿ ಅವನ ಕಣ್ಣು ಹೊಳೆದರೆ ನನಗೆ ಮತ್ತೆ ಬರೆಯಿರಿ. ಸ್ಟಿಯರಿಂಗ್ ಹಿಡಿಯುವ ಒಬ್ಬರ ಹಿಂದೆ ಈ ಕಸುಬಿನಲ್ಲಿ ನೂರಾರು ಜನರಿಗೆ ಸಂಬಳದ ಕೆಲಸವಿದೆ. ಇಲ್ಲಿ ಶಾರ್ಲೆಟ್‌ನ ವಿಶ್ವವಿದ್ಯಾಲಯದಲ್ಲಿ ರೇಸ್ ಕಾರುಗಳ ಎಂಜಿನಿಯರಿಂಗನ್ನೇ ಕಲಿಸುತ್ತಾರೆ. ಆ ದಿನಕ್ಕೆ ಸೈಟ್ ಇರಲಿ.

ಪ್ರಶ್ನೆ: ಸ್ವಾರೆಸ್ ಬಂದದ್ದು ಕೋಟಾದಲ್ಲಿ ಅಲ್ವಾ?

ಈ ಮಾತು ಕೇಳಿ ಸಾಕಾಗಿದೆ. ನಾಸ್ಕಾರ್‌ನಲ್ಲಿ 2004ರಲ್ಲಿ 'ಡ್ರೈವ್ ಫಾರ್ ಡೈವರ್ಸಿಟಿ' ಎಂಬ ಯೋಜನೆ ಶುರುವಾಯಿತು. ಅವಕಾಶ ಸಿಗದ ಸಮುದಾಯಗಳ ಹುಡುಗ ಹುಡುಗಿಯರಿಗೆ ಕೆಳಗಿನ ಸರಣಿಗಳಲ್ಲಿ ಓಡಿಸಲು ಕಾರು ಕೊಡುವ ಯೋಜನೆ. ಸ್ವಾರೆಸ್ ಅದರಿಂದಲೇ ಬಂದರು. 2021ರ ಕಪ್ ಚಾಂಪಿಯನ್ ಕೈಲ್ ಲಾರ್ಸನ್ ಕೂಡ ಅದರಿಂದಲೇ ಬಂದವರು. ಯೋಜನೆ ಕಾರು ಕೊಡಬಹುದು, ಲ್ಯಾಪ್ ಟೈಮ್ ಕೊಡುವುದಿಲ್ಲ. ಹೋಮ್‌ಸ್ಟೆಡ್‌ನಲ್ಲಿ 2016ರ ಚಾಂಪಿಯನ್ ಪಟ್ಟಕ್ಕೆ ನಾಲ್ವರು ಸೆಣಸಿದರು. ಉಳಿದ ಮೂವರಲ್ಲಿ ಯಾರೂ ಇವರಿಗಾಗಿ ಬ್ರೇಕ್ ಒತ್ತಲಿಲ್ಲ.

ಪ್ರಶ್ನೆ: ಸ್ಟಾಕ್ ಕಾರ್ ಅಂದರೆ ಸುಮ್ನೆ ಎಡಕ್ಕೆ ತಿರುಗಿಸುತ್ತಾ ಕೂರುವುದು. ಅದಕ್ಕೆ ಮೈಕಟ್ಟು ಯಾಕೆ?

2022ರ ಅಕ್ಟೋಬರ್‌ನಲ್ಲಿ ಶಾರ್ಲೆಟ್‌ನ ರೋವಲ್ ಟ್ರ್ಯಾಕ್‌ನಲ್ಲಿ ಸ್ವಾರೆಸ್ ಕಾರಿನ ಪವರ್ ಸ್ಟಿಯರಿಂಗ್ ಕೈಕೊಟ್ಟಿತು. ಅಲ್ಲಿ ಎಡಕ್ಕೂ ಬಲಕ್ಕೂ ತಿರುವುಗಳಿವೆ. ಹತ್ತಿರಹತ್ತಿರ ಒಂದೂವರೆ ಟನ್ ತೂಕದ ಕಾರನ್ನು ಬರೀ ತೋಳಿನ ಬಲದಲ್ಲಿ ತಿರುಗಿಸಿಕೊಂಡು ಓಡಿಸಿದರು. ಆ ವರ್ಷದ ಪಟ್ಟದ ಆಸೆಯೂ ಅಲ್ಲೇ ಮುಗಿಯಿತು. ಪವರ್ ಸ್ಟಿಯರಿಂಗ್ ಕೆಟ್ಟ ಕಾರನ್ನು ಒಮ್ಮೆ ರಿವರ್ಸ್ ತೆಗೆದು ನೋಡಿ, ಗೊತ್ತಾಗುತ್ತದೆ.

ಪ್ರಶ್ನೆ: ಮಿಡ್‌ಬ್ರೈನ್ ಟ್ರೇನಿಂಗ್ ಕೊಡಿಸಿದರೆ ರೇಸಿಂಗ್‌ಗೆ ಬೇಕಾದ ಚುರುಕು ಬರುತ್ತದಂತೆ, ನಿಜವಾ?

ಸುಳ್ಳು. ಕಣ್ಣಿಗೆ ಬಟ್ಟೆ ಕಟ್ಟಿ ಪುಸ್ತಕ ಓದಿಸುತ್ತೇವೆ ಎನ್ನುವವರ ಹತ್ತಿರ ಮಗುವನ್ನೇ ಕಳಿಸಬೇಡಿ. ಬಟ್ಟೆಯ ಕೆಳಗೆ, ಮೂಗಿನ ಪಕ್ಕದ ಸಂದಿಯಲ್ಲಿ ಮಕ್ಕಳು ಇಣುಕುತ್ತಾರೆ, ಅಷ್ಟೇ. ಚುರುಕು ಹೆಚ್ಚಿಸುವ ಪುಡಿ, ಸಿರಪ್, ಎನರ್ಜಿ ಡ್ರಿಂಕ್‌ಗಳಿಗೂ ಇದೇ ಉತ್ತರ. ಒಂದು ವರ್ಷದಲ್ಲಿ ನಾಸ್ಕಾರ್ ಚಾಲಕ ಮಾಡುತ್ತೇವೆ ಎಂದು ಸರ್ಟಿಫಿಕೇಟ್ ಮಾರುವವರೂ ಇದ್ದಾರೆ. ನನಗೆ ಪರಿಚಯದ ಒಂದು ಕುಟುಂಬ ಅಂಥ ಕಡೆ ಮಗಳ ಕಾಲೇಜಿಗೆ ಕೂಡಿಟ್ಟ ದುಡ್ಡು ಕಳೆದುಕೊಂಡಿತು. ಆ ಸರ್ಟಿಫಿಕೇಟನ್ನು ನನಗೆ ಕಳಿಸಿ, ಇದು ಅಲ್ಲಿ ನಡೆಯುತ್ತದಾ ಎಂದು ಕೇಳಿದರು. ಇಲ್ಲಿ ಯಾರೂ ಸರ್ಟಿಫಿಕೇಟ್ ಕೇಳುವುದೇ ಇಲ್ಲ. ಸ್ಪರ್ಧೆಗೆ ಬೇಕಾದ್ದು ನಮ್ಮ ದೇಶದಲ್ಲಿ ಎಫ್‌ಎಂಎಸ್‌ಸಿಐ, ಅಂದರೆ ಭಾರತದ ಮೋಟರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ, ಕೊಡುವ ಲೈಸೆನ್ಸ್. ಅದರ ಬಗ್ಗೆ ಮಾತೆತ್ತದ ಅಕಾಡೆಮಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: ರೇಸ್ ದಿನ ನೀರು ಕುಡಿಯಬಾರದಂತೆ?

ಕುಡಿಯಬೇಕು. ಬೇಸಿಗೆಯಲ್ಲಿ ಆ ಕಾರಿನೊಳಗೆ 50 ಡಿಗ್ರಿ ದಾಟುತ್ತದೆ.

ಪ್ರಶ್ನೆ: ಇವರು ಫುಟ್‌ಬಾಲ್ ಆಟಗಾರ ಲೂಯಿಸ್ ಸ್ವಾರೆಸ್ ತಮ್ಮನಾ?

ಅಲ್ಲ. ಅವರು ಉರುಗ್ವೆಯವರು.

ಪ್ರಶ್ನೆ: 2024ರಲ್ಲಿ ಅಟ್ಲಾಂಟಾದಲ್ಲಿ ಗೆದ್ದದ್ದು ಅದೃಷ್ಟದಿಂದ ಅಲ್ವಾ? ಮೂರು ಕಾರು ಒಟ್ಟಿಗೇ ಬಂದವು.

ಅಂತರ 0.003 ಸೆಕೆಂಡ್. ಗಂಟೆಗೆ 280 ಕಿಲೋಮೀಟರ್ ವೇಗ ಎಂದು ಹಿಡಿದರೆ ಒಂದು ಗೇಣು ಆಗುತ್ತದೆ. ರಯಾನ್ ಬ್ಲೇನಿ, ಕೈಲ್ ಬುಷ್ ಇಬ್ಬರ ಪಕ್ಕದಲ್ಲಿ, ಗೋಡೆಗೂ ಅವರಿಗೂ ತಾಗದೆ ಆ ಒಂದು ಗೇಣು ಮುಂದೆ ಬರಬೇಕಾದರೆ ಕೊನೇ ಲ್ಯಾಪ್‌ನಲ್ಲಿ ಯಾವ ಸಾಲು ಹಿಡಿಯಬೇಕು, ಯಾವಾಗ ಪಕ್ಕಕ್ಕೆ ಸರಿಯಬೇಕು ಎಂದು ಗೊತ್ತಿರಬೇಕು. ಅದೃಷ್ಟವೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಅದೃಷ್ಟ ಒಂದೇ ಸಾಕಾಗಿದ್ದರೆ ಅವರು 195ನೇ ರೇಸಿನವರೆಗೆ ಕಾಯಬೇಕಾಗಿರಲಿಲ್ಲ.

ಪ್ರಶ್ನೆ: ಮೆಕ್ಸಿಕೋದಲ್ಲಿ ಶನಿವಾರ ಗೆದ್ದರು, ಭಾನುವಾರ 19ನೇ ಸ್ಥಾನ. ಆಮೇಲೆ ಟ್ರ್ಯಾಕ್‌ಹೌಸ್ ಕೂಡ ಬಿಟ್ಟರು. ಅವರ ಕಥೆ ಮುಗೀತಾ?

ಶನಿವಾರದ್ದು ಎಕ್ಸ್‌ಫಿನಿಟಿ ರೇಸ್, ಕಾರು ಜೆಆರ್ ಮೋಟರ್‌ಸ್ಪೋರ್ಟ್ಸ್ ತಂಡದ್ದು. ಅರ್ಹತಾ ಸುತ್ತಿನಲ್ಲಿ ಆ ಕಾರು ಗುದ್ದಿಕೊಂಡಿತು. ಬದಲಿ ಕಾರು ತಂದು ಎಲ್ಲರಿಗಿಂತ ಹಿಂದಿನಿಂದ ಹೊರಟು, ತಮ್ಮ ದೇಶದ ಜನರ ಮುಂದೆ ಗೆದ್ದರು. ನಾನು ಕೆಲಸದ ಮಧ್ಯೆ ಫೋನಿನಲ್ಲಿ ನೋಡುತ್ತಿದ್ದೆ, ಕಣ್ಣು ತುಂಬಿ ಬಂತು. ಭಾನುವಾರದ ಕಪ್ ರೇಸನ್ನು ಅವರದೇ ತಂಡದ ಶೇನ್ ವಾನ್ ಗಿಸ್ಬರ್ಗನ್ ಹದಿನಾರು ಸೆಕೆಂಡಿಗೂ ಜಾಸ್ತಿ ಅಂತರದಲ್ಲಿ ಗೆದ್ದರು. ಹಾಗಾಗಿ ಕಾರು ಸರಿಯಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಎರಡು ವಾರ ಕಳೆದ ಮೇಲೆ, ಜುಲೈ 1ರಂದು, ವರ್ಷದ ಕೊನೆಗೆ ಬೇರೆಯಾಗುತ್ತೇವೆ ಎಂದು ತಂಡವೂ ಅವರೂ ತಿಳಿಸಿದರು. 2026ಕ್ಕೆ ಅವರು ಸ್ಪೈರ್ ಮೋಟರ್‌ಸ್ಪೋರ್ಟ್ಸ್ ತಂಡದ 7ನೇ ನಂಬರ್ ಕಾರಿಗೆ ಸಹಿ ಹಾಕಿದರು. ಕಪ್ ಸರಣಿಯಲ್ಲಿ ಇದು ಅವರ ಐದನೇ ತಂಡ. ಮತ್ತೆ ಹೊಸ ಸೀಟಿಗೆ ಅಳತೆ ಕೊಟ್ಟು, ಹೊಸ ಮೆಕ್ಯಾನಿಕ್‌ಗಳ ಹೆಸರು ಕಲಿತು, ಕಾರು ತಿರುವಿನಲ್ಲಿ ಹೇಗಿದೆ ಎಂದು ಮೊದಲಿನಿಂದ ಹೇಳಿಕೊಡಬೇಕು. ಅವರ ಮಟ್ಟಿಗೆ ಇದು ಗೊತ್ತಿರುವ ಕೆಲಸ.