‘ಟೂ ಡ್ರೈ’ ಎಂದು ಬರೆದರೆ ಕೊಳ್ಳುವವರು ಗಾಬರಿಯಾಗುತ್ತಾರೆ

ತಮ್ಮಾ, ನಿನ್ನ ಬ್ಯಾಡಗಿ ಮೆಣಸಿನಕಾಯಿಯ ಬಗ್ಗೆ ಕೊಚ್ಚಿಯ ಖರೀದಿದಾರರಿಗೆ ನೀನು ಕಳಿಸಿದ ಇಂಗ್ಲಿಷ್ ಪತ್ರದ ಫೋಟೋ ನೋಡಿದೆ. ‘ಕಾಯಿ ಚೆನ್ನಾಗಿ ಒಣಗಿದೆ ಎಂದು ಬರೆದರೆ, ಮುರಿದ ಕಾಯಿ ಎಷ್ಟಿದೆ ಎಂದು ತಿರುಗಿ ಕೇಳುತ್ತಾರೆ, ಇದೆಂಥ ಅನುಮಾನ’ ಎಂದು ಗುಂಪಿನಲ್ಲಿ ಬೇಸರ ಮಾಡಿಕೊಂಡಿದ್ದೀಯ. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನೀನು ಬರೆದದ್ದು ‘ಟೂ ಡ್ರೈ’. ಅದನ್ನು ಓದಿದವರಿಗೆ ಕಾಯಿ ಒಣಗಬಾರದಷ್ಟು ಒಣಗಿದೆ ಎಂದೇ ಅರ್ಥವಾಗುತ್ತದೆ. ಹಾಗೆ ಒಣಗಿದ ಬ್ಯಾಡಗಿ ಕಾಯಿ ಚೀಲ ತುಂಬುವಾಗಲೇ ಮುರಿಯುತ್ತದೆ, ಬೀಜವೆಲ್ಲ ಚೀಲದ ತಳ ಸೇರುತ್ತದೆ ಎಂಬುದು ನಿನಗೇ ಗೊತ್ತು.

ನಮ್ಮ ‘ಬಹಳ’ ಎರಡೂ ಕಡೆ ಸಲ್ಲುವ ಪದ. ‘ಹೋಳಿಗೆ ಬಹಳ ಸಿಹಿ’ ಎಂದರೆ ಹೊಗಳಿಕೆಯೋ ದೂರೋ ಎಂಬುದು ಹೇಳುವವರ ಮುಖ ನೋಡಿದರೆ ತಿಳಿಯುತ್ತದೆ. ಇಂಗ್ಲಿಷಿನವರು ಅದನ್ನು ಎರಡು ಪದಗಳಿಗೆ ಹಂಚಿಕೊಟ್ಟಿದ್ದಾರೆ. ‘ವೆರಿ’ ಬರೀ ಹೆಚ್ಚು. ‘ಟೂ’ ಎಂದರೆ ಬೇಕಾದದ್ದಕ್ಕಿಂತ ಹೆಚ್ಚು, ಅದರ ಬೆನ್ನಿಗೊಂದು ತೊಂದರೆ ಇದ್ದೇ ಇರುತ್ತದೆ. ‘ಟೂ ಹಾಟ್’ ಎಂದರೆ ಬಾಯಿಗಿಡಲಾಗದಷ್ಟು ಖಾರ. ‘ಊಟ ಟೂ ಗುಡ್’ ಎಂದು ಹೊಗಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಮದುವೆ ಮನೆಯಲ್ಲಿ ಅದು ನಡೆಯುತ್ತದೆ, ವ್ಯಾಪಾರದ ಪತ್ರದಲ್ಲಿ ಬೇಡ. ನಿನಗೆ ಬೇಕಿದ್ದದ್ದು ‘ಡ್ರೈ ಎನಫ್’, ಬೇಕಾದಷ್ಟು ಒಣಗಿದೆ ಎಂದು. ಈ ‘ಎನಫ್’ ಗುಣವಾಚಕದ ನಂತರ ಬರುತ್ತದೆ, ನಾಮಪದವಾದರೆ ಅದಕ್ಕಿಂತ ಮೊದಲು: ‘ಎನಫ್ ಸ್ಟಾಕ್’.

ಇನ್ನು ನಿನ್ನ ಪತ್ರದ ‘ಮೋರ್ ಬೆಟರ್ ದ್ಯಾನ್ ಗುಂಟೂರ್’. ಈ ತಪ್ಪಿನ ಬೇರು ನಮ್ಮ ಕನ್ನಡದಲ್ಲಿಯೇ ಇದೆ. ‘ಅದಕ್ಕಿಂತ ಇದು ಕೆಂಪು’ ಎನ್ನುವಾಗ ‘ಕೆಂಪು’ ಇದ್ದಲ್ಲೇ ಇರುತ್ತದೆ, ಭಾರವನ್ನೆಲ್ಲ ‘ಇಂತ’ ಹೊರುತ್ತದೆ. ಇಂಗ್ಲಿಷಿನಲ್ಲಿ ‘ದ್ಯಾನ್’ ಒಂದೇ ಸಾಲದು, ‘ರೆಡ್’ ಹೋಗಿ ‘ರೆಡ್ಡರ್’ ಕೂಡ ಆಗಬೇಕು. ಚಿಕ್ಕ ಪದಗಳಿಗೆ ಹೀಗೆ ಬಾಲ ಹಚ್ಚುತ್ತಾರೆ. ‘ಎಕ್ಸ್‌ಪೆನ್ಸಿವ್’ನಂಥ ಉದ್ದ ಪದಗಳಿಗಿಂತ ಮೊದಲು ‘ಮೋರ್’ ಇಡುತ್ತಾರೆ. ಎರಡನ್ನೂ ಹಾಕಿದರೆ ಒಂದೇ ಎತ್ತಿನ ಹೆಗಲಿಗೆ ಎರಡು ನೊಗ. ‘ಗುಡ್’ ಬಾಲ ಹಚ್ಚಿಸಿಕೊಳ್ಳದೆ ಪೂರಾ ವೇಷವನ್ನೇ ಬದಲಿಸಿ ‘ಬೆಟರ್’ ಆಗುವುದರಿಂದ, ಹೆಚ್ಚು ಎಂಬ ಅರ್ಥ ಅದರೊಳಗೆ ಆಗಲೇ ಸೇರಿದೆ ಎಂಬುದು ಮರೆತುಹೋಗುತ್ತದೆ. ಒತ್ತಿ ಹೇಳಬೇಕಿದ್ದರೆ ‘ಮಚ್ ಬೆಟರ್’ ಅಥವಾ ‘ಫಾರ್ ಬೆಟರ್’ ಎನ್ನು. ‘ವೆರಿ ಬೆಟರ್’ ಎಂಬುದಿಲ್ಲ. ‘ವೆರಿ’ಯ ಜೋಡಿ ‘ಗುಡ್’, ‘ಮಚ್’ನ ಜೋಡಿ ‘ಬೆಟರ್’. ಹಾಗೆಯೇ ‘ಸುಪೀರಿಯರ್’ ಬಂದರೆ ಅದರ ನಂತರ ‘ದ್ಯಾನ್’ ಬರುವುದಿಲ್ಲ, ‘ಟು’ ಬರುತ್ತದೆ. ಇದು ಒಂದೇ ‘ಓ’ ಇರುವ ‘ಟು’, ಮೇಲೆ ಹೇಳಿದ್ದು ಎರಡು ‘ಓ’ಗಳದು.

ವ್ಯಾಕರಣ ಹಾಗಿರಲಿ, ಆ ಹೋಲಿಕೆಯೇ ನನಗೆ ಒಪ್ಪಿಗೆಯಾಗಲಿಲ್ಲ. ಯಾವುದರಲ್ಲಿ ‘ಬೆಟರ್’? ಖಾರದಲ್ಲಿ ಗುಂಟೂರಿನ ಕಾಯಿಯೇ ಮುಂದು, ಬಣ್ಣದಲ್ಲಿ ನಮ್ಮದು. ಬ್ಯಾಡಗಿಗೆ ಹೆಸರು ಬಂದದ್ದೇ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಆದ್ದರಿಂದ ‘ರೆಡ್ಡರ್’ ಎಂದೂ ‘ಲೆಸ್ ಹಾಟ್’ ಎಂದೂ ಧೈರ್ಯವಾಗಿ ಬರೆ. ಬಣ್ಣ ತೆಗೆಯಲು ಕೊಳ್ಳುವವರಿಗೆ ಖಾರ ಕಡಿಮೆ ಇದ್ದರೆ ಅನುಕೂಲವೇ. ‘ಗುಂಟೂರ್’ ಎಂದು ಊರಿನ ಹೆಸರನ್ನಷ್ಟೇ ಬಿಡಬೇಡ, ಅದರ ನಂತರ ‘ಚಿಲ್ಲಿ’ ಸೇರಿಸು. ಕಾಯಿಯನ್ನು ಕಾಯಿಯ ಜೊತೆ ಹೋಲಿಸಬೇಕಲ್ಲವೇ? ಬ್ಯಾಡಗಿಯಲ್ಲೇ ಕಡ್ಡಿ, ಡಬ್ಬಿ ಎಂದು ಎರಡು ಬಗೆ ಇವೆಯಲ್ಲ, ನಿನ್ನ ಕಡ್ಡಿ ಕಾಯಿಯಲ್ಲಿ ಡಬ್ಬಿಗಿಂತ ಬೀಜ ಕಡಿಮೆ ಎಂದು ಹೇಳುವಾಗ ‘ಲೆಸ್’ ಬೇಡ, ಎಣಿಸಬಹುದಾದ ವಸ್ತುವಾದ್ದರಿಂದ ‘ಫ್ಯೂವರ್ ಸೀಡ್ಸ್’. ‘ಒನ್ ಆಫ್ ದ ಬೆಸ್ಟ್’ ಆದ ಮೇಲೆ ಬಹುವಚನ, ‘ವೆರೈಟೀಸ್’.

ನನಗೆ ನಿಜವಾಗಿ ನಗು ತರಿಸಿದ್ದು ನಿನ್ನ ಕೊನೆಯ ಸಾಲು. ಕಣದಲ್ಲಿ ಕಷ್ಟಪಟ್ಟು ಒಣಗಿಸುತ್ತೇವೆ ಎನ್ನಲು ‘ಹಾರ್ಡ್ಲಿ ಡ್ರೈ’ ಎಂದಿದ್ದೀಯ. ‘ಹಾರ್ಡ್ಲಿ’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ಮೇಲಿನ ಸಾಲಿನಲ್ಲಿ ಕಾಯಿ ಅತಿಯಾಗಿ ಒಣಗಿದೆ, ಕೆಳಗಿನ ಸಾಲಿನಲ್ಲಿ ಒಣಗಿಸುವುದೇ ಅಪರೂಪ! ನಾಚಿಕೊಳ್ಳಬೇಡ. ನಾನು ಮೇಷ್ಟರ ಕೆಲಸಕ್ಕೆ ಹಾಕಿದ ಮೊದಲ ಅರ್ಜಿಯಲ್ಲಿ ‘ಐ ವರ್ಕ್ ಹಾರ್ಡ್ಲಿ’ ಎಂದು ಬರೆದಿದ್ದೆ, ಅದೂ ಇಂಗ್ಲಿಷ್ ಕಲಿಸುವ ಕೆಲಸಕ್ಕೆ. ಸಂದರ್ಶನದಲ್ಲಿ ಒಬ್ಬರು ಆ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿಸಿದರು. ಕೆಲಸ ಸಿಗಲಿಲ್ಲ. ಕಷ್ಟಪಟ್ಟು ಎನ್ನಲು ‘ಹಾರ್ಡ್’ ಸಾಕು. ನಿನ್ನ ಸಾಲಿಗಾದರೆ ‘ಕೇರ್‌ಫುಲಿ’ ಒಪ್ಪುತ್ತದೆ.

ಇನ್ನೊಂದು ಮಾತು. ತೇವಾಂಶ ಅಳೆಸಿದ್ದೀಯಾ? ಶೇಕಡಾ 10 ಎಂದು ಬಂದರೆ ಅದನ್ನೇ ಬರೆ, ‘ವೆರಿ’ಯೂ ಬೇಡ, ‘ಎನಫ್’ ಕೂಡ ಬೇಡ. ಬಣ್ಣಕ್ಕೂ ಪ್ರಯೋಗಾಲಯದ ಆಸ್ಟಾ ಅಂಕಿ, ಅಂದರೆ ಕಾಯಿಯ ಬಣ್ಣ ಎಷ್ಟಿದೆ ಎಂದು ತೋರಿಸುವ ಅಳತೆ, ಇದ್ದರೆ ಜೊತೆಗಿಡು. ಗುರುವಾರ ನಾನು ಬ್ಯಾಡಗಿ ಮಾರುಕಟ್ಟೆಗೆ ಬರುತ್ತೇನೆ, ಅಷ್ಟರೊಳಗೆ ತಿದ್ದಿದ ಪತ್ರವನ್ನು ಇಲ್ಲಿಯೇ ಹಾಕು. ಕಳಿಸುವ ಮೊದಲು ಹಾಕು, ಕಳಿಸಿದ ಮೇಲಲ್ಲ.